ಆಪರೇಷನ್ ದವಡೆಗೆ, ಬೀಗ ಕಿವಿಗೆ

ಮೇಲ್ದವಡೆಯ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋದವರು ಮೊದಲು ಮುಖ ನೋಡುತ್ತಾರೆ. ಕೆನ್ನೆ ಎಷ್ಟು ಒಳಗೆ ಹೋಗಿದೆ, ಮೂಗಿನ ಪಕ್ಕದ ಹೊಲಿಗೆ ಎಲ್ಲಿಂದ ಎಲ್ಲಿಯವರೆಗೆ ಇಳಿದಿದೆ ಎಂದು ಕಣ್ಣಲ್ಲೇ ಅಳೆಯುತ್ತಾರೆ. ಆಮೇಲೆ ಊಟದ ವಿಚಾರಣೆ. ಗಂಜಿ ಇಳಿಯುತ್ತದಾ, ನೀರು ಮೂಗಿನಿಂದ ಬರುತ್ತದಾ, ಖಾರ ತಾಗುತ್ತದಾ? ಮೂರನೆಯದು ಮಾತು: ಸ್ವಲ್ಪ ಮೂಗಿನಲ್ಲಿ ಮಾತಾಡಿದ ಹಾಗಿದೆ, ಸರಿಹೋಗುತ್ತದಂತೆ. ಇಷ್ಟಾದ ಮೇಲೆ ಬಿಲ್ಲು, ವಿಮೆ, ಆಯುಷ್ಮಾನ್ ಕಾರ್ಡು. ಕಿವಿಯ ಸುದ್ದಿ ಯಾರೂ ಎತ್ತುವುದಿಲ್ಲ. ಎತ್ತಬೇಕು ಅನ್ನಿಸುವ ಕಾರಣವೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಕತ್ತರಿ ಆಡಿದ್ದು ಮುಖದ ಮುಂಭಾಗದಲ್ಲಿ, ಕಿವಿ ಇರುವುದು ತಲೆಯ ಪಕ್ಕದಲ್ಲಿ.

ಆದರೆ ಮೇಲ್ದವಡೆಯ ದೊಡ್ಡ ಶಸ್ತ್ರಚಿಕಿತ್ಸೆ ಆದವರಲ್ಲಿ ಅದೇ ಬದಿಯ ಕಿವಿ ಮಂದವಾಗುವುದು ಅಪರೂಪವೇನಲ್ಲ. ಇಎನ್‌ಟಿ ವೈದ್ಯರಿಗೆ ಗೊತ್ತಿರುವ, ವೈದ್ಯಕೀಯ ಬರಹಗಳಲ್ಲಿ ದಾಖಲಾಗಿರುವ ಸಂಗತಿ ಇದು. ಗೊತ್ತಿದ್ದರೂ ‘ಜೀವ ಉಳಿಯಿತಲ್ಲ’ ಎಂಬ ಸಮಾಧಾನದಲ್ಲಿ ಕಿವಿ ಪಟ್ಟಿಯ ಕೊನೆಗೆ ಜಾರುತ್ತದೆ. ನನ್ನ ತಕರಾರು ಅಲ್ಲಿಯೇ. ಈ ಕಿವುಡನ್ನು ಪತ್ತೆಹಚ್ಚುವುದು ಸುಲಭ, ಅನೇಕರಲ್ಲಿ ಸರಿಪಡಿಸುವುದೂ ಸಾಧ್ಯ. ಅಂಥದ್ದನ್ನು ಕೊನೆಗೆ ತಳ್ಳುವುದು ಸರಿಯಲ್ಲ.

ಇದನ್ನು ಮಂಗಳೂರಿನ ಉರ್ವದಿಂದಲೇ ಹೇಳುವುದಕ್ಕೆ ಕಾರಣವಿದೆ. ಉರ್ವ ಮಾರ್ಕೆಟ್ ಬಳಿ ನಿಂತು ಯಾವ ದಿಕ್ಕಿನ ಸಿಟಿ ಬಸ್ ಹತ್ತಿದರೂ ಒಂದಲ್ಲ ಒಂದು ದೊಡ್ಡ ಆಸ್ಪತ್ರೆಯ ದಾರಿ ಸಿಗುತ್ತದೆ. ಕುಂಟಿಕಾನದಲ್ಲಿ ಎ.ಜೆ., ಹಂಪನಕಟ್ಟೆಯಲ್ಲಿ 1848ರಷ್ಟು ಹಳೆಯ ವೆನ್ಲಾಕ್, ಅತ್ತಾವರದಲ್ಲಿ ಕೆಎಂಸಿ, ಕಂಕನಾಡಿಯಲ್ಲಿ 1880ರಲ್ಲಿ ಜೆಸುಯಿಟ್ ಪಾದ್ರಿ ಮುಲ್ಲರ್ ಶುರು ಮಾಡಿದ ಆಸ್ಪತ್ರೆ, ನೇತ್ರಾವತಿ ದಾಟಿದರೆ ದೇರಳಕಟ್ಟೆಯಲ್ಲಿ ಮತ್ತೆ ಕೆಲವು ಮೆಡಿಕಲ್ ಕಾಲೇಜು, ಅವುಗಳ ಜೊತೆಗೇ ಡೆಂಟಲ್ ಕಾಲೇಜುಗಳು. ಕಾಸರಗೋಡು, ಉತ್ತರ ಕನ್ನಡ, ಕೊಡಗು, ಚಿಕ್ಕಮಗಳೂರಿನಿಂದ ಬಾಯಿ ಮತ್ತು ಮುಖದ ಗಡ್ಡೆಯವರು ಬರುವುದು ಈ ಊರಿಗೇ. ಇನ್ನೊಂದು ವಿಶೇಷ, ಶ್ರವಣತಜ್ಞರನ್ನು ತಯಾರುಮಾಡುವ ಕಾಲೇಜುಗಳು ಒಂದೇ ಊರಿನಲ್ಲಿ ಇಷ್ಟು ಇರುವುದು ಕಡಿಮೆ. ಕೆಎಂಸಿಯ ವಿಭಾಗ, ಫಾದರ್ ಮುಲ್ಲರ್, ಡಾ. ಎಂ.ವಿ. ಶೆಟ್ಟಿ ಕಾಲೇಜು, ನಿಟ್ಟೆಯದು ಎಂದು ಕೈಬೆರಳಲ್ಲಿ ಎಣಿಸಬಹುದು. ಗಡ್ಡೆ ತೆಗೆಯುವವರೂ ಇದ್ದಾರೆ, ಕಿವಿ ಪರೀಕ್ಷಿಸುವವರೂ ಇದ್ದಾರೆ, ಹಲವು ಕಡೆ ಒಂದೇ ಕಾಂಪೌಂಡಿನೊಳಗೆ. ಆದರೂ ಒಬ್ಬರ ಕೋಣೆಯಿಂದ ಇನ್ನೊಬ್ಬರ ಕೋಣೆಗೆ ರೋಗಿಯ ಚೀಟಿ ಹೋಗುವುದು ತಡವಾಗುತ್ತದೆ, ಕೆಲವೊಮ್ಮೆ ಹೋಗುವುದೇ ಇಲ್ಲ.

ಉರ್ವಸ್ಟೋರ್ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಮನೆಯೊಳಗೆ ತುಳು, ಪಕ್ಕದ ಮನೆಯವರೊಂದಿಗೆ ಕೊಂಕಣಿ, ಟಿವಿಯಲ್ಲಿ ಕನ್ನಡ, ಮೀನು ತರಲು ಹೋದಲ್ಲಿ ಬ್ಯಾರಿ. ಒಂದು ವಾಕ್ಯ ಮುಗಿಯುವ ಮೊದಲೇ ಭಾಷೆ ಬದಲಾಗುವ ಇಂಥ ಕಡೆ ಕಿವಿ ಸದಾ ಚುರುಕಾಗಿರಬೇಕು. ಈ ಮನೆಯ ಹಿರಿಯರಿಗೆ ಬಲಗಡೆಯ ಮೇಲ್ದವಡೆ ತೆಗೆದು ಎರಡು ತಿಂಗಳಾಗಿದೆ. ಹೆಂಡತಿ ಹೇಳುತ್ತಾರೆ, “ಇವರಿಗೆ ಈಗ ಎಂತ ಹೇಳಿದ್ರೂ ಲಕ್ಷ್ಯವೇ ಇಲ್ಲ ಮಾರಾಯ್ರೆ. ಮೂರು ಸಲ ಕರೀಬೇಕು.” ಮಗಳು ಹೇಳುತ್ತಾಳೆ, “ಅಪ್ಪ ಮಾತೇ ಕಮ್ಮಿ ಮಾಡಿದ್ದಾರೆ, ಮಾತಾಡಿದ್ರೂ ಮೆಲ್ಲ.” ಕ್ಯಾನ್ಸರ್ ಬಂದುಹೋದ ಮನುಷ್ಯ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಮನಸ್ಸಿಗೆ ಹಚ್ಚಿಕೊಂಡಿರಲೂಬಹುದು. ಆದರೆ ಈ ಎರಡು ದೂರುಗಳಿಗೂ, ಮೂರು ಸಲ ಕರೆಯುವುದಕ್ಕೂ ಮೆಲ್ಲ ಮಾತಾಡುವುದಕ್ಕೂ, ಮಧ್ಯಕಿವಿಯಲ್ಲಿ ನಿಂತ ಅರ್ಧ ಚಮಚದಷ್ಟೂ ಇಲ್ಲದ ನೀರು ಸಾಕು.

ಅದು ಹೇಗೆ ಎಂದು ತಿಳಿಯಲು ಬಾಯಿಯ ಚಾವಣಿಯ ಹಿಂದಕ್ಕೆ ಹೋಗಬೇಕು.

ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯಿದೆ, ಅದೇ ಮಧ್ಯಕಿವಿ. ಅದರಲ್ಲಿ ಮೂರು ಪುಟಾಣಿ ಮೂಳೆಗಳ ಸರಣಿ. ತಮಟೆಯ ಕಂಪನವನ್ನು ಈ ಮೂಳೆಗಳು ಒಳಗಿವಿಯ ದ್ರವಕ್ಕೆ ದಾಟಿಸುತ್ತವೆ. ಸುಮ್ಮನೆ ದಾಟಿಸುವುದಲ್ಲ, ತಮಟೆಯ ವಿಸ್ತಾರ ಹೆಚ್ಚು, ಒಳಗಿವಿಯ ಕಿಂಡಿಯದು ಕಡಿಮೆ; ಆ ವ್ಯತ್ಯಾಸದಿಂದಾಗಿ ಒತ್ತಡ ಸುಮಾರು 20 ಪಟ್ಟು ಏರುತ್ತದೆ. ಇದಕ್ಕೆಲ್ಲ ಒಂದು ಷರತ್ತು: ತಮಟೆಯ ಹೊರಗೂ ಒಳಗೂ ಗಾಳಿಯ ಒತ್ತಡ ಸಮನಾಗಿರಬೇಕು. ಒಳಗಿನ ಗಾಳಿಯನ್ನು ಕೋಣೆಯ ಒಳಪೊರೆ ನಿಧಾನಕ್ಕೆ ಹೀರಿಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಹೊಸ ಗಾಳಿ ಆಗಾಗ ಬರಬೇಕು. ಅದು ಬರುವ ದಾರಿ ಮೂಗಿನ ಹಿಂಭಾಗದಿಂದ ಕಿವಿಗೆ ಏರುವ, ದೊಡ್ಡವರಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ನಾಳ. ರೋಮಿನಲ್ಲಿದ್ದ ಬಾರ್ತಲೋಮಿಯೋ ಯೂಸ್ಟೇಕಿ 1560ರ ದಶಕದಲ್ಲಿ ಇದನ್ನು ವಿವರವಾಗಿ ಬರೆದ. ಮುಂದೆ ಬೊಲೋನ್ಯಾದ ಅಂತೋನಿಯೋ ವಲ್ಸಾಲ್ವಾ ಅದಕ್ಕೆ ಅವನ ಹೆಸರನ್ನೇ ಇಟ್ಟ. ಯೂಸ್ಟೇಷಿಯನ್ ನಾಳ ಎಂದು ಇಂದಿಗೂ ಕರೆಯುತ್ತೇವೆ. ಮೂಗು ಬಾಯಿ ಮುಚ್ಚಿ ಗಾಳಿ ಊದಿದರೆ ಕಿವಿ ‘ಟಪ್’ ಎನ್ನುವ ಕ್ರಿಯೆಗೆ ಉಳಿದಿರುವುದು ವಲ್ಸಾಲ್ವಾನ ಹೆಸರು.

ಕರಾವಳಿಯವರಿಗೆ ಈ ನಾಳವನ್ನು ಪರಿಚಯಿಸಬೇಕಿಲ್ಲ. ಬೆಂಗಳೂರು ಬಸ್ಸಿನಲ್ಲಿ ಶಿರಾಡಿ ಏರುವಾಗ, ಧರ್ಮಸ್ಥಳದ ಕಡೆಯಿಂದ ಚಾರ್ಮಾಡಿ ಹತ್ತುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಎಂಜಲು ನುಂಗಿದರೆ, ಆಕಳಿಸಿದರೆ ಬಿಡುತ್ತದೆ. ಆ ಬಿಡುವ ಕ್ಷಣವೇ ನಾಳ ತೆರೆದುಕೊಂಡ ಕ್ಷಣ. ಉಳಿದ ಹೊತ್ತು ಅದು ಮುಚ್ಚಿಯೇ ಇರುತ್ತದೆ, ಮುಚ್ಚಿರಲೂ ಬೇಕು, ಇಲ್ಲದಿದ್ದರೆ ನಮ್ಮ ಉಸಿರಾಟ, ನಮ್ಮದೇ ದನಿ ಕಿವಿಯೊಳಗೆ ಮೊಳಗುತ್ತಿರುತ್ತದೆ.

ನುಂಗುವಾಗ ಅದನ್ನು ತೆರೆಯುವವರು ಯಾರು? ಮುಖ್ಯವಾಗಿ ಒಂದೇ ಒಂದು ಸ್ನಾಯು, ಮೆದು ಅಂಗುಳವನ್ನು ಬಿಗಿಯುವ ಟೆನ್ಸರ್ ವೇಲೈ ಪ್ಯಾಲಟೈನಿ. ಹೆಸರು ಉದ್ದ, ಸ್ನಾಯು ತೆಳ್ಳಗೆ. ತಲೆಬುರುಡೆಯ ತಳದಿಂದಲೂ ನಾಳದ ಹೊರಮಗ್ಗುಲಿನ ಮೃದ್ವಸ್ಥಿಯಿಂದಲೂ ಹೊರಟು ಕೆಳಗಿಳಿಯುತ್ತದೆ. ಮೇಲ್ದವಡೆಯ ಬೆನ್ನಿಗೆ ಅಂಟಿಕೊಂಡಂತೆ ಟೆರಿಗಾಯ್ಡ್ ಎಂಬ ಎರಡು ತೆಳು ಮೂಳೆಹಲಗೆಗಳಿವೆ. ಒಳಹಲಗೆಯ ತುದಿಯಲ್ಲೊಂದು ಸಣ್ಣ ಕೊಕ್ಕೆ, ಅದರ ಹೆಸರು ಹ್ಯಾಮ್ಯುಲಸ್. ಸ್ನಾಯುವಿನ ತುದಿಯ ಹುರಿ, ಬಾವಿಯ ಹಗ್ಗ ರಾಟೆಯನ್ನು ಬಳಸಿ ತಿರುಗುವ ರೀತಿಯಲ್ಲೇ, ಈ ಕೊಕ್ಕೆಯನ್ನು ಬಳಸಿ ಅಡ್ಡಕ್ಕೆ ತಿರುಗಿ ಅಂಗುಳದೊಳಗೆ ಹರಡಿಕೊಳ್ಳುತ್ತದೆ. ಈ ತುದಿ ಬಿಗಿಯಾಗಿ ಹಿಡಿದಿರುವುದರಿಂದಲೇ ಸ್ನಾಯು ಕುಗ್ಗಿದಾಗ ಆ ತುದಿಯಲ್ಲಿ ನಾಳದ ಗೋಡೆ ಹೊರಕ್ಕೆ ಸರಿಯುತ್ತದೆ. ರಾಟೆ ಕಳಚಿದರೆ ಅಥವಾ ಹಗ್ಗದ ಕೆಳತುದಿ ಕೊಯ್ದರೆ ಎಳೆತಕ್ಕೆ ಆಧಾರವೇ ಉಳಿಯುವುದಿಲ್ಲ.

ಮೇಲ್ದವಡೆ ತೆಗೆಯುವಾಗ ಆಗುವುದು ಇದೇ. ಈ ಶಸ್ತ್ರಚಿಕಿತ್ಸೆ ಹೊಸದಲ್ಲ. 1827ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಜಾನ್ಸೂಲ್ ಎಂಬ ಸರ್ಜನ್ ಹದಿಹರೆಯದ ಹುಡುಗನೊಬ್ಬನ ಗಡ್ಡೆಗೆಂದು ಇಡೀ ಮೇಲ್ದವಡೆ ತೆಗೆದ. ಅರಿವಳಿಕೆ ಬರಲು ಇನ್ನೂ ಸುಮಾರು 20 ವರ್ಷ ಇತ್ತು. ಆ ಹುಡುಗ ಅದನ್ನು ಹೇಗೆ ತಡೆದುಕೊಂಡನೋ. ಅಂದಿನಿಂದ ಇಂದಿನವರೆಗೆ ಉಪಕರಣ ಬದಲಾಗಿದೆ, ದವಡೆಯ ನಂಟುಗಳು ಬದಲಾಗಿಲ್ಲ. ದವಡೆಯನ್ನು ಕೆನ್ನೆಮೂಳೆಯಿಂದ, ಮೂಗಿನಿಂದ, ಅಂಗುಳದ ನಡುಗೆರೆಯಿಂದ ಬಿಡಿಸಿದ ಮೇಲೆ ಕೊನೆಯದಾಗಿ ಹಿಂದಿನ ಟೆರಿಗಾಯ್ಡ್ ಹಲಗೆಗಳಿಂದ ಉಳಿಯಲ್ಲಿ ಬೇರ್ಪಡಿಸಬೇಕು. ಗಡ್ಡೆ ಹಿಂದಕ್ಕೆ ಹರಡಿದ್ದರೆ ಆ ಹಲಗೆಗಳನ್ನೂ ಸೇರಿಸಿಯೇ ತೆಗೆಯುತ್ತಾರೆ, ಜೊತೆಗೆ ಹ್ಯಾಮ್ಯುಲಸ್ ಹೋಗುತ್ತದೆ. ಹಲಗೆ ಉಳಿಸಿದರೂ ಗಟ್ಟಿ ಅಂಗುಳ ಮತ್ತು ಮೆದು ಅಂಗುಳ ಸೇರುವಲ್ಲಿ ಕೊಯ್ಲು ಬಿದ್ದರೆ ಸ್ನಾಯುವಿನ ಹಿಡಿತ ಸಡಿಲವಾಗುತ್ತದೆ. 1933ರಲ್ಲಿ ಸ್ವೀಡನ್ನಿನ ಓಂಗ್ರೆನ್ ಎಂಬಾತ ಕಣ್ಣಿನ ಒಳಮೂಲೆಯಿಂದ ಕೆಳದವಡೆಯ ಮೂಲೆಗೆ ಒಂದು ಗೆರೆ ಎಳೆದುಕೊಂಡು, ಅದರ ಮೇಲೆ-ಹಿಂದೆ ಇರುವ ಗಡ್ಡೆಗಳು ಕೆಳಗೆ-ಮುಂದೆ ಇರುವವಕ್ಕಿಂತ ಕಷ್ಟದವು ಎಂದ. ಅವನ ಲೆಕ್ಕ ಇದ್ದದ್ದು ಬದುಕುಳಿಯುವ ಬಗ್ಗೆ. ಕಿವಿಯ ಲೆಕ್ಕಕ್ಕೂ ಅದು ಒದಗುತ್ತದೆ, ಹಿಂದಕ್ಕೆ ಹೋದಷ್ಟೂ ನಾಳಕ್ಕೆ ಹತ್ತಿರ.

ನಾಳ ತೆರೆಯದೆ ಹೋದರೆ ಒಳಗಿನ ಗಾಳಿ ಹೀರಿಹೋಗಿ ಒತ್ತಡ ಇಳಿಯುತ್ತದೆ, ತಮಟೆ ಒಳಕ್ಕೆ ಸೆಳೆದುಕೊಳ್ಳುತ್ತದೆ, ಆಮೇಲೆ ಒಳಪೊರೆಯಿಂದ ತಿಳಿನೀರು ಒಸರುತ್ತದೆ. ನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ. ಬಹಳ ಜನ ಹೇಳುವುದು “ಕಿವಿ ಕಟ್ಟಿದ ಹಾಗೆ”, “ಗುಂಯ್ ಅನ್ನುತ್ತದೆ” ಎಂದಷ್ಟೇ. ಶಸ್ತ್ರಚಿಕಿತ್ಸೆಯ ಊತ, ಮೂಗಿನಲ್ಲಿ ಇಳಿಸಿದ ಆಹಾರದ ಟ್ಯೂಬು, ಗಾಯದ ಪೊಳ್ಳಿನಲ್ಲಿ ತುಂಬಿದ ಗಾಜ್ ಬಟ್ಟೆ, ಹೆಪ್ಪುಗಟ್ಟಿದ ರಕ್ತ ಇವೂ ಮೊದಲ ವಾರಗಳಲ್ಲಿ ನಾಳದ ಬಾಯನ್ನು ಅಡ್ಡಗಟ್ಟುತ್ತವೆ. ಇವುಗಳಿಂದ ಬಂದ ಮಂದತನ ಕೆಲವು ವಾರಗಳಲ್ಲಿ ತಾನೇ ಬಿಡಬಹುದು. ಸ್ನಾಯುವಿನ ಆಧಾರ ಹೋದದ್ದು ಬಿಡುವುದಿಲ್ಲ. ಎರಡನ್ನೂ ಬೇರೆಮಾಡಿ ತಿಳಿಯಲು ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬೇಕು.

ಮಧ್ಯಕಿವಿಯಲ್ಲಿ ನೀರು ನಿಂತರೆ ಸಾಮಾನ್ಯವಾಗಿ 20ರಿಂದ 40 ಡೆಸಿಬೆಲ್‌ನಷ್ಟು ಕೇಳುವಿಕೆ ಇಳಿಯುತ್ತದೆ. ಕೋಣೆಯಲ್ಲಿ ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬೆಲ್, ಪಿಸುಮಾತು 30. ಅಂದರೆ ಆ ಕಿವಿಗೆ ಪಕ್ಕದವರ ಸಹಜ ಮಾತೆಲ್ಲ ಪಿಸುಮಾತಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಇನ್ನೊಂದು ಕಿವಿ ಚೆನ್ನಾಗಿದ್ದರೆ ಎದುರಿಗಿನವರಿಗೆ ಇದು ತಿಳಿಯುವುದೇ ಇಲ್ಲ. ಬಲಗಡೆ ಕೂತವರಿಗೆ ಉತ್ತರ ಇಲ್ಲ, ಎಡಗಡೆ ಕೂತವರಿಗೆ ಇದೆ. ‘ಬೇಕಾದವರ ಮಾತು ಮಾತ್ರ ಕೇಳಿಸುತ್ತದೆ’ ಎಂಬ ಕುಹಕ ಹುಟ್ಟುವುದು ಇಲ್ಲಿಂದ.

ಮೆಲ್ಲ ಮಾತಾಡುವ ವಿಚಾರ ಇನ್ನೂ ಸೂಕ್ಷ್ಮ. ವಯಸ್ಸಾಗಿ ಕಿವಿ ಕೇಳದವರು ಜೋರಾಗಿ ಮಾತಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಅವರ ಒಳಗಿವಿಯ ನರಕೋಶಗಳು ಸೋತಿರುತ್ತವೆ, ತಮ್ಮ ದನಿಯೂ ತಮಗೆ ಸಾಲುವುದಿಲ್ಲ. ಮಧ್ಯಕಿವಿ ಕಟ್ಟಿದವರದು ತಿರುಗುಮುರುಗು. ಹೊರಗಿನ ಸದ್ದು ತಗ್ಗಿದರೂ ಸ್ವಂತ ದನಿ ತಲೆಮೂಳೆಯ ಮೂಲಕ ನೇರ ಒಳಗಿವಿಗೆ ತಲುಪಿ ದೊಡ್ಡದಾಗಿ ಮೊಳಗುತ್ತದೆ. ಜೋರಾಯಿತೇನೋ ಎಂದು ಅವರು ದನಿ ತಗ್ಗಿಸುತ್ತಾರೆ. ಅಂಗುಳದ ತೂತಿನಿಂದಾಗಿ ಮೊದಲೇ ಮೂಗಿಗೆ ಹೋಗಿರುವ ಮಾತು, ಈಗ ಮೆಲ್ಲಗೂ ಆಯಿತು. ಕೇಳುವವರಿಗೆ ಅರ್ಥವಾಗುವುದಿಲ್ಲ, “ಹಾಂ?” ಎನ್ನುತ್ತಾರೆ. ಆ “ಹಾಂ?” ಇವರಿಗೆ ಕೇಳಿಸುವುದಿಲ್ಲ. ಇಂಥದ್ದು ದಿನಕ್ಕೆ ಹತ್ತು ಸಲ ನಡೆದರೆ ಯಾರೇ ಆದರೂ ಮೂಲೆ ಹಿಡಿಯುತ್ತಾರೆ.

ಇದನ್ನು ಕಂಡುಹಿಡಿಯುವ ಹಳೆಯ ಸಾಧನ ಒಂದು ಉಕ್ಕಿನ ಕವೆ, ಟ್ಯೂನಿಂಗ್ ಫೋರ್ಕ್. ಸೆಕೆಂಡಿಗೆ 512 ಸಲ ಕಂಪಿಸುವುದನ್ನು ವೈದ್ಯರು ಮೊಣಕೈಗೆ ಬಡಿದು ಅದರ ಕಾಂಡವನ್ನು ಹಣೆಯ ನಡುವೆ ಊರುತ್ತಾರೆ. “ಯಾವ ಕಿವಿಯಲ್ಲಿ ಕೇಳ್ತದೆ?” ಎಂಬುದಷ್ಟೇ ಪ್ರಶ್ನೆ. ಮಧ್ಯಕಿವಿ ಕಟ್ಟಿದವರು ಸ್ವಲ್ಪ ಅನುಮಾನಿಸುತ್ತ ಕೆಟ್ಟ ಕಿವಿಯ ಕಡೆಗೇ ಬೆರಳು ತೋರಿಸುತ್ತಾರೆ. ಅದು ಹೇಗೆ ಸಾಧ್ಯ, ತಪ್ಪು ಹೇಳಿದೆನೇನೋ ಎಂದು ಗಾಬರಿಯಾಗುವವರೂ ಇದ್ದಾರೆ. ತಪ್ಪಲ್ಲ, ಅದೇ ಸರಿಯುತ್ತರ. ಕೋಣೆಯ ಫ್ಯಾನಿನ ಸದ್ದು, ಹೊರಗಿನ ಬಸ್ಸಿನ ಸದ್ದು ಆ ಕಿವಿಗೆ ತಲುಪುತ್ತಿಲ್ಲ, ಹಾಗಾಗಿ ಮೂಳೆಯ ಮೂಲಕ ಬಂದ ದನಿ ಅಲ್ಲಿ ಹೆಚ್ಚು ಸ್ಪಷ್ಟ. ಒಳಗಿವಿಯೇ ಕೆಟ್ಟಿದ್ದರೆ ಬೆರಳು ಒಳ್ಳೆಯ ಕಿವಿಯ ಕಡೆಗೆ ಹೋಗುತ್ತಿತ್ತು. ಜರ್ಮನಿಯ ವೇಬರನ ಹೆಸರಿನಲ್ಲಿರುವ ಈ ಪರೀಕ್ಷೆಗೆ ಕರೆಂಟು ಬೇಡ, ಅರ್ಧ ನಿಮಿಷ ಸಾಕು.

ಒಳಗಿವಿಯ ಮಾತು ಬಂದಿತಲ್ಲ, ಅದಕ್ಕೆ ಪೆಟ್ಟು ಕೊಡುವುದು ಕತ್ತರಿಯಲ್ಲ, ಆಮೇಲಿನ ಚಿಕಿತ್ಸೆ. ಮುಂದುವರಿದ ಗಡ್ಡೆಯಾದರೆ ಶಸ್ತ್ರಚಿಕಿತ್ಸೆಯ ನಂತರ ಆರು ವಾರಗಳಷ್ಟು ರೇಡಿಯೇಷನ್, ಸಾಮಾನ್ಯವಾಗಿ 60ರಿಂದ 66 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ). ಕಾಕ್ಲಿಯಾಕ್ಕೆ, ಅಂದರೆ ಒಳಗಿವಿಯ ಶಂಖಕ್ಕೆ, ಸರಾಸರಿ 45 ಗ್ರೇ ಮೀರದಂತೆ ನೋಡಿಕೊಳ್ಳಬೇಕೆಂಬುದು ರೇಡಿಯೇಷನ್ ತಜ್ಞರು ಪಾಲಿಸುವ ಮಿತಿ. ಗಡ್ಡೆ ತಲೆಬುರುಡೆಯ ತಳಕ್ಕೆ ಹತ್ತಿರವಿದ್ದರೆ ಆ ಮಿತಿ ಕಾಯುವುದು ಕಷ್ಟ. ವಿಕಿರಣ ಯೂಸ್ಟೇಷಿಯನ್ ನಾಳದ ಒಳಪೊರೆಯ ಸೂಕ್ಷ್ಮ ಕೂದಲುಗಳನ್ನೂ ಕುಂದಿಸುತ್ತದೆ, ಸ್ನಾಯುಗಳನ್ನು ನಾರುಗಟ್ಟಿಸುತ್ತದೆ. ಜೊತೆಗೆ ಸಿಸ್ಪ್ಲಾಟಿನ್ ಕೀಮೋ ಕೊಟ್ಟರೆ ಅದು ಶಂಖದ ಬುಡದಲ್ಲಿರುವ ರೋಮಕೋಶಗಳನ್ನು ಕೊಲ್ಲುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಬುಡದ ಕೋಶಗಳು ತೀಕ್ಷ್ಣ ಸ್ವರಗಳಿಗೆ ಸೇರಿದವು, ಆದ್ದರಿಂದ ಮೊದಲು ಹೋಗುವುದು ಸ, ಶ, ಚಗಳ ಸೀಟಿಯಂಥ ಅಂಚು. ಹಾಲು, ಸಾಲು, ಶಾಲು ಒಂದೇ ತರಹ ಕೇಳುತ್ತವೆ. “ಕೇಳ್ತದೆ, ಆದ್ರೆ ಎಂತ ಹೇಳಿದ್ದು ಅಂತ ಗೊತ್ತಾಗುದಿಲ್ಲ” ಎಂದರೆ ಅನುಮಾನ ಈ ಕಡೆಗೆ ತಿರುಗಬೇಕು. ರೇಡಿಯೇಷನ್ನಿನ ಪರಿಣಾಮ ತಿಂಗಳುಗಟ್ಟಲೆ, ವರ್ಷಗಟ್ಟಲೆ ತಡವಾಗಿಯೂ ಬರುತ್ತದೆ. ಗಡ್ಡೆಯ ಫೈಲು ಮುಚ್ಚಿ, ಎಲ್ಲರೂ ಮರೆತ ಮೇಲೆ.

ನಮ್ಮ ಜಿಲ್ಲೆಗೆ ಸೇರಿದ ಇನ್ನೊಂದು ಎಳೆ ಇದೆ, ಅದನ್ನು ಹೇಳಲು ಇಲ್ಲಿ ಯಾರಿಗೂ ಅಷ್ಟು ಇಷ್ಟವಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿದ ಊರು ಮಂಗಳೂರು. ಅಡಿಕೆ ಇಲ್ಲಿನ ಅನ್ನ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ತಂಬಾಕು ಸೇರಿಸದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದರ ಮೇಲಿನ ಜಗಳ ಇನ್ನೂ ಮುಗಿದಿಲ್ಲ, ಬೆಳೆಗಾರರ ಆತಂಕವೂ ಸುಳ್ಳಲ್ಲ. ಅದನ್ನು ಬದಿಗಿಟ್ಟು ಕಿವಿಗೆ ಸಂಬಂಧಿಸಿದ್ದನ್ನಷ್ಟೇ ನೋಡೋಣ. ಅಡಿಕೆ, ಗುಟ್ಕಾ ಸದಾ ಜಗಿಯುವವರಲ್ಲಿ ಬಾಯಿಯ ಒಳಪೊರೆ ನಾರುಗಟ್ಟಿ ಬಿಗಿಯುವ ಕಾಯಿಲೆಯೊಂದು ಬರುತ್ತದೆ, ಸಬ್‌ಮ್ಯೂಕಸ್ ಫೈಬ್ರೋಸಿಸ್. ಮೂರು ಬೆರಳು ನೆಟ್ಟಗೆ ಜೋಡಿಸಿ ಬಾಯೊಳಗೆ ಇಡಲು ಆಗದಿದ್ದರೆ ಡೆಂಟಲ್ ಡಾಕ್ಟರು ಹುಬ್ಬೇರಿಸುತ್ತಾರೆ. ಈ ಬಿಗಿತ ಅಂಗುಳಕ್ಕೂ ಇಳಿಯುತ್ತದೆ, ಅಲ್ಲಿನ ಸ್ನಾಯುಗಳಿಗೂ. ನಾಳ ತೆರೆಯುವ ಕೆಲಸ ಕುಂಠಿತವಾಗಿ ಇಂಥವರಲ್ಲಿ ಕೇಳುವಿಕೆ ಇಳಿದಿರುವುದನ್ನು ಭಾರತದಲ್ಲೇ ನಡೆದ ಅಧ್ಯಯನಗಳು ಗುರುತಿಸಿವೆ. ಎಂದರೆ ದವಡೆಯ ಆಪರೇಷನ್ನಿಗೆ ಬರುವ ಮೊದಲೇ ಕಿವಿ ಅರ್ಧ ಸೋತಿರಬಹುದು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು, ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಜೋಡಿಯಾಗಿ ತೂಗಾಡತೊಡಗಿದವು. ಆಪರೇಷನ್ನಿಗೆ ಮೊದಲೊಮ್ಮೆ ಕಿವಿ ಪರೀಕ್ಷಿಸದಿದ್ದರೆ ಹಳೆಯ ನಷ್ಟ ಯಾವುದು, ಹೊಸದು ಯಾವುದು ಎಂದು ಆಮೇಲೆ ಹೇಳುವವರು ಯಾರು?

ಗಡ್ಡೆಯಲ್ಲದೆಯೂ ಮೇಲ್ದವಡೆ ಕಳೆದುಕೊಂಡವರ ಒಂದು ಗುಂಪೇ 2021ರಲ್ಲಿ ತಯಾರಾಯಿತು. ಕೊರೊನಾದ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು. ಆ ವರ್ಷದ ಮೇ ತಿಂಗಳಲ್ಲಿ ಕರ್ನಾಟಕ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಸಕ್ಕರೆ ಕಾಯಿಲೆ, ಸ್ಟೆರಾಯ್ಡ್ ಎರಡೂ ಕೂಡಿದ ದೇಹದಲ್ಲಿ ಮ್ಯೂಕರ್ ಎಂಬ ಬೂಷ್ಟು ಮೂಗಿನಿಂದ ಸೈನಸ್ಸಿಗೆ, ಅಲ್ಲಿಂದ ದವಡೆಗೆ, ಕಣ್ಣಿಗೆ ಏರಿತು. ರಾಜ್ಯದ ಎಷ್ಟೋ ಆಸ್ಪತ್ರೆಗಳಲ್ಲಿ ಸರ್ಜನ್ನರು ದಿನವೂ ಸತ್ತ ಮೂಳೆ ಕೆರೆದು ತೆಗೆದರು. ಆಂಫೊಟೆರಿಸಿನ್ ಎಂಬ ಮದ್ದಿಗಾಗಿ ಮನೆಯವರು ಊರೂರು ಅಲೆದದ್ದು ಎಲ್ಲರಿಗೂ ನೆನಪಿದೆ. ಅವರಲ್ಲಿ ಬದುಕಿ ಉಳಿದವರು ಇಂದು ನಮ್ಮ ನಡುವೆಯೇ ಇದ್ದಾರೆ, ಅಂಗುಳಕ್ಕೆ ಆಬ್ಚುರೇಟರ್ ಹಾಕಿಕೊಂಡು. ಅವರ ಕಿವಿಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ.

ಆಬ್ಚುರೇಟರ್ ಎಂದರೆ ಅಂಗುಳದ ತೂತು ಮುಚ್ಚುವ ಅಕ್ರಿಲಿಕ್ ತಟ್ಟೆ. ಗುಲಾಬಿ ಬಣ್ಣ, ಉಳಿದ ಹಲ್ಲುಗಳಿಗೆ ಸಿಕ್ಕಿಸುವ ತಂತಿ, ಮೇಲೊಂದು ಉಬ್ಬು. ಮೊದಲದ್ದನ್ನು ಆಪರೇಷನ್ ಟೇಬಲ್ಲಿನಲ್ಲೇ ಕೂರಿಸುತ್ತಾರೆ, ಗಾಯ ಆರಿದ ಮೇಲೆ ಕೆಲವು ತಿಂಗಳಲ್ಲಿ ಕೊನೆಯದ್ದು ಬರುತ್ತದೆ. ಊಟವಾದ ಮೇಲೆ ತೆಗೆದು ಮೃದು ಬ್ರಷ್ಷಿನಲ್ಲಿ ತೊಳೆಯಬೇಕು. ಮೇಲಿನ ಪೊಳ್ಳಿನಲ್ಲಿ ಕಟ್ಟುವ ಹಕ್ಕಳೆಯನ್ನು ಉಪ್ಪುನೀರು ಹಾಯಿಸಿ ತೆಗೆಯಬೇಕು. ಆ ಪೊಳ್ಳಿನ ಹಿಂದೆಯೇ ನಾಳದ ಬಾಯಿ ಇರುವುದರಿಂದ ಈ ತೊಳೆಯುವಿಕೆ ಕಿವಿಗೂ ಒಳ್ಳೆಯದು. ಆಬ್ಚುರೇಟರ್ ಹಾಕಿದರೆ ಗಂಜಿ ಮೂಗಿಗೆ ಹೋಗುವುದಿಲ್ಲ, ಮಾತು ತಿಳಿಯಾಗುತ್ತದೆ. ಕಳಚಿಹೋದ ಸ್ನಾಯುವಿಗೆ ಮಾತ್ರ ಅದು ರಾಟೆಯಾಗಲಾರದು.

ಸೀಳು ಅಂಗುಳದ ಮಕ್ಕಳ ಕತೆ ಇಲ್ಲಿ ಕಣ್ಣು ತೆರೆಸಬೇಕು. ಹುಟ್ಟಿನಿಂದಲೇ ಅಂಗುಳ ಸೀಳಿರುವ ಮಕ್ಕಳಲ್ಲಿ ಇದೇ ಟೆನ್ಸರ್ ಸ್ನಾಯುವಿಗೆ ಸರಿಯಾದ ಹಿಡಿತ ಇರುವುದಿಲ್ಲ, ಬಹುತೇಕ ಎಲ್ಲರಿಗೂ ಮಧ್ಯಕಿವಿಯಲ್ಲಿ ನೀರು ತುಂಬುತ್ತದೆ. ಇದು ಎಷ್ಟು ಚೆನ್ನಾಗಿ ಗೊತ್ತೆಂದರೆ ಅಂಥ ಮಕ್ಕಳ ಚಿಕಿತ್ಸಾ ತಂಡದಲ್ಲಿ ಶ್ರವಣತಜ್ಞರು ಇರುವುದು ವಾಡಿಕೆ. ದೇರಳಕಟ್ಟೆಯಲ್ಲೇ ಅದಕ್ಕಾಗಿ ಒಂದು ಮುಖ-ತಲೆಬುರುಡೆ ಶಸ್ತ್ರಚಿಕಿತ್ಸಾ ಸಂಸ್ಥೆ ಇದೆ. ಮಗುವಿಗೆ ಹುಟ್ಟಿನಲ್ಲಿ ಬಂದದ್ದನ್ನು ಐವತ್ತು ದಾಟಿದವರಿಗೆ ಸರ್ಜನ್ ಅನಿವಾರ್ಯವಾಗಿ ಉಂಟುಮಾಡುತ್ತಾರೆ. ಸ್ನಾಯು ಅದೇ, ಕೊಕ್ಕೆ ಅದೇ, ನೀರೂ ಅದೇ. ಮಗುವಿಗಾದರೆ ಭಾಷೆ ಕಲಿಯುವ ವಯಸ್ಸು ಎಂಬ ಅವಸರವಿದೆ, ಒಪ್ಪೋಣ. ಆದರೆ ಮುಖ ಬದಲಾದ, ಮಾತು ಬದಲಾದ ಮನುಷ್ಯನಿಗೆ ಕೇಳುವುದೊಂದಾದರೂ ಉಳಿಯಲಿ ಎಂಬ ಅವಸರ ಯಾಕಿಲ್ಲ?

ಪರೀಕ್ಷೆ ಕಷ್ಟದ್ದಾಗಿದ್ದರೆ ಬೇರೆ ಮಾತು. ಟಿಂಪನೋಗ್ರಾಂ ಎಂಬುದಕ್ಕೆ ರೋಗಿ ಬಾಯಿ ತೆರೆಯಬೇಕಿಲ್ಲ, ಉತ್ತರ ಹೇಳಬೇಕಿಲ್ಲ. ಕಿವಿಯಲ್ಲಿ ರಬ್ಬರ್ ತುದಿಯ ಸಣ್ಣ ಕೊಳವೆ ಇಟ್ಟು ಗಾಳಿಯ ಒತ್ತಡ ಏರಿಸಿ ಇಳಿಸುತ್ತಾರೆ, ತಮಟೆ ಎಷ್ಟು ಅಲುಗುತ್ತದೆ ಎಂದು ಯಂತ್ರ ಗೆರೆ ಬರೆಯುತ್ತದೆ. ಆರೋಗ್ಯದ ಕಿವಿಯ ಗೆರೆ ಬೆಟ್ಟದಂತೆ ಏರಿ ಇಳಿಯುತ್ತದೆ. ಒಳಗೆ ನೀರಿದ್ದರೆ ಗೆರೆ ಚಪ್ಪಟೆ, ಅದನ್ನು ‘ಬಿ ಟೈಪ್’ ಎನ್ನುತ್ತಾರೆ. ಎ, ಬಿ, ಸಿ ಎಂಬ ಈ ವಿಂಗಡಣೆ 1970ರಲ್ಲಿ ಅಮೆರಿಕದ ಜೇಮ್ಸ್ ಜರ್ಗರ್ ಮಾಡಿದ್ದು. ಎರಡೂ ಕಿವಿಗೆ ಕೆಲವೇ ನಿಮಿಷ. ಅದರ ಜೊತೆ ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಆಡಿಯೋಗ್ರಾಂ ಮಾಡಿದರೆ ಮಧ್ಯಕಿವಿಯ ನಷ್ಟ ಎಷ್ಟು, ಒಳಗಿವಿಯದು ಎಷ್ಟು ಎಂಬುದು ಬಿಡಿಬಿಡಿಯಾಗಿ ಸಿಗುತ್ತದೆ. ಆಪರೇಷನ್ನಿಗೆ ಮೊದಲೊಮ್ಮೆ, ಗಾಯ ಆರಿದ ಮೇಲೊಮ್ಮೆ, ರೇಡಿಯೇಷನ್ ಮುಗಿದ ಮೇಲೊಮ್ಮೆ, ಆಮೇಲೆ ಗಡ್ಡೆಯ ತಪಾಸಣೆಗೆ ಬಂದಾಗಲೆಲ್ಲ ಒಂದು ಟಿಂಪನೋಗ್ರಾಂ. ಇಷ್ಟು ಕೇಳುವುದು ದುಬಾರಿಯಲ್ಲ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದಾಗ ಇಂಥ ಪರೀಕ್ಷೆ ಮಾಡಬಲ್ಲವರು ದೇಶದಲ್ಲೇ ಅಪರೂಪ. ಈಗ ಆ ಕೊರತೆಯ ನೆಪ ಮಂಗಳೂರಿನಲ್ಲಿ ನಡೆಯುವುದಿಲ್ಲ.

ನೀರು ನಿಂತದ್ದು ಖಚಿತವಾದರೆ ಕೆಲವು ವಾರ ಕಾಯಬಹುದು. ಮೂಗು ಹಿಡಿದು ಗಾಳಿ ಊದುವ ವಲ್ಸಾಲ್ವಾ ಸಾಹಸಕ್ಕೆ ಮಾತ್ರ ಗಾಯ ಹಸಿಯಿರುವಾಗ ಕೈಹಾಕಬಾರದು, ಸಿಂಬಳವನ್ನು ಜೋರಾಗಿ ಊದಿ ತೆಗೆಯುವುದೂ ಬೇಡ. ಗಾಳಿ ಹೊಲಿಗೆಯ ಸಂದಿನಿಂದ ಕೆನ್ನೆಯ ಚರ್ಮದಡಿ ನುಗ್ಗಿ ಊದಿಕೊಳ್ಳಬಹುದು. ಸರ್ಜನ್ ಒಪ್ಪಿದ ಮೇಲಷ್ಟೇ. ನೀರು ಹೋಗದಿದ್ದರೆ ತಮಟೆಗೆ ಕಿರು ಕೊಯ್ತ ಕೊಟ್ಟು ನೀರು ಹೀರಿ, ಆ ಕಿಂಡಿಗೆ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಸಿಕ್ಕಿಸುತ್ತಾರೆ. ತಮಟೆಗೆ ತೂತು ಮಾಡುವ ವಿದ್ಯೆ ಲಂಡನ್ನಿನ ಆಸ್ಟ್ಲಿ ಕೂಪರನ ಕಾಲದ್ದು, ಸುಮಾರು 1800. ಆದರೆ ತೂತು ಬೇಗ ಕೂಡಿಕೊಂಡುಬಿಡುತ್ತಿತ್ತು. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ ಕೊಳವೆ ಇಟ್ಟು ಅದನ್ನು ತೆರೆದಿಡುವ ದಾರಿ ತೋರಿಸಿದ. ಕಟ್ಟಿದ ನಾಳದ ಕೆಲಸವನ್ನು ಈ ಕೊಳವೆ ಹೊರಗಿವಿಯ ಕಡೆಯಿಂದ ಮಾಡುತ್ತದೆ. ಕೂರಿಸಿದ ದಿನವೇ ಕೇಳುವಿಕೆ ಮರಳುವುದುಂಟು.

ಎಲ್ಲರಿಗೂ ಗ್ರಾಮೆಟ್ ಹಾಕಿಬಿಡಿ ಎಂದು ಹೇಳಲಾಗದು. ರೇಡಿಯೇಷನ್ ಬಿದ್ದ ಕಿವಿಯಲ್ಲಿ ಅದು ನಿಲ್ಲದ ಸೋರಿಕೆಗೆ, ಮುಚ್ಚದ ತೂತಿಗೆ ದಾರಿಯಾಗಬಹುದು, ಈ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಅಂಥವರಿಗೆ ಶ್ರವಣಸಾಧನ, ಜನ ಹೇಳುವ ‘ಕಿವಿ ಮೆಷಿನ್’, ವಾಸಿ. ಕಿವಿ ಸೋರುತ್ತಿದ್ದರೆ ಮೂಳೆಯ ಮೂಲಕ ಕೇಳಿಸುವ ಬಗೆಯದ್ದೂ ಇದೆ. ಇದನ್ನೆಲ್ಲ ರೇಡಿಯೇಷನ್ ಶುರುವಾಗುವ ಮೊದಲೇ ಯೋಚಿಸಿದರೆ ಆಯ್ಕೆಗಳು ಹೆಚ್ಚು, ಆಮೇಲೆ ಕಡಿಮೆ.

ಸರ್ಕಾರದ ಕಣ್ಣಿಗೆ ಈ ಮಂದಿ ಬೀಳುವುದಿಲ್ಲ ಎನ್ನುವುದನ್ನೂ ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾದರೆ ಮಾತ್ರ ‘ಮಂದ ಶ್ರವಣ’. ಒಂದು ಕಿವಿಯಲ್ಲಿ 35 ಡೆಸಿಬೆಲ್ ಕಳೆದುಕೊಂಡು, ಮೂಗಿನಲ್ಲಿ ಮಾತಾಡುತ್ತ, ಬಸ್ ಕಂಡಕ್ಟರ್ ಹೇಳಿದ್ದು ತಿಳಿಯದೆ ಮುಂದಿನ ಸ್ಟಾಪಿನಲ್ಲಿ ಇಳಿಯುವವರಿಗೆ ಸರ್ಟಿಫಿಕೇಟು ಸಿಗುವುದಿಲ್ಲ. ಹಾಗಾಗಿ ಅವರ ಸಂಖ್ಯೆ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮನೆಯವರು ಮಾಡಬಹುದಾದ್ದು ಖರ್ಚಿಲ್ಲದ್ದು: ಆಪರೇಷನ್ ಆಗದ ಬದಿಯಲ್ಲಿ ಕೂತು, ಮುಖ ಕಾಣುವಂತೆ, ಟಿವಿ ತಗ್ಗಿಸಿ ಮಾತಾಡುವುದು. ಅರಚುವುದರಿಂದ ಪ್ರಯೋಜನ ಕಡಿಮೆ.

ಕೊನೆಗೆ, ದಿಕ್ಕು ತಿರುಗಿಸಿ ನೋಡಬೇಕಾದ ಒಂದು ಸಂಗತಿ. ದವಡೆ ಹೋದ ಮೇಲೆ ಕಿವಿ ಕಟ್ಟುವುದು ಒಂದು. ಗಡ್ಡೆ ಇದೆಯೆಂದು ಗೊತ್ತಾಗುವ ಮೊದಲೇ ಕಿವಿ ಕಟ್ಟುವುದು ಇನ್ನೊಂದು. ಮೂಗಿನ ಹಿಂಭಾಗದಲ್ಲೋ ಮೇಲ್ದವಡೆಯ ಹಿಂದೆಯೋ ಬೆಳೆಯುವ ಗಡ್ಡೆ ನಾಳದ ಬಾಯನ್ನು ಒತ್ತಿ ಮೊದಲ ಸುಳಿವನ್ನು ಕಿವಿಯಲ್ಲೇ ಕೊಡಬಹುದು. ದೊಡ್ಡವರಲ್ಲಿ ಶೀತ ನೆಗಡಿ ಇಲ್ಲದೆ ಒಂದೇ ಕಿವಿಯಲ್ಲಿ ನೀರು ನಿಂತು ವಾರಗಳಾದರೂ ಬಿಡದಿದ್ದರೆ, ಇಎನ್‌ಟಿ ವೈದ್ಯರು ಕಿವಿಗೆ ಮದ್ದು ಬರೆದು ಕಳಿಸದೆ ಮೂಗಿನ ಮೂಲಕ ಎಂಡೋಸ್ಕೋಪು ಇಳಿಸಿ ಹಿಂದೆ ಏನಿದೆ ಎಂದು ನೋಡುತ್ತಾರೆ. ಒಂದೇ ಬದಿಯ ಮೂಗಿನಲ್ಲಿ ರಕ್ತ ಬೆರೆತ ಸಿಂಬಳ, ಕಾರಣವಿಲ್ಲದೆ ಅಲುಗಾಡುವ ಮೇಲಿನ ಹಲ್ಲು, ಕಿತ್ತ ಮೇಲೂ ಆರದ ಹಲ್ಲಿನ ಗುಳಿ, ಕೆನ್ನೆಯ ಜೋಮು ಇವುಗಳಲ್ಲಿ ಯಾವುದಾದರೂ ಅದರ ಜೊತೆ ಸೇರಿದ್ದರೆ ಆ ಎಂಡೋಸ್ಕೋಪಿಯನ್ನು ನಾಳೆಗೆ ಹಾಕಬೇಡಿ.